ಗಾಡಿ ಮಾತು: ಎಸಿ ಗ್ಯಾಸ್ ಖರ್ಚಾಗಲ್ಲ, ಸೋರುತ್ತೆ

ಏಪ್ರಿಲ್ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಹೆಚ್ಚುಕಮ್ಮಿ ಎಸಿಯದ್ದೇ. ಈ ಸಲ ಪುಣೆ, ಮುಂಬೈ, ಗೋವಾದಲ್ಲಿರುವ ನಮ್ಮವರ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಊರು ಬೇರೆ, ಕಾರು ಬೇರೆ, ಆದರೆ ಹೆಚ್ಚಿನವರ ಕಥೆ ಒಂದೇ. ವಾರಂಟಿ ಮುಗಿದ ಸ್ವಲ್ಪ ದಿನಕ್ಕೆ ಎಸಿ ಕೈಕೊಟ್ಟಿದೆ, ಗ್ಯಾರೇಜಿನವರು ದೊಡ್ಡ ಮೊತ್ತ ಹೇಳಿದ್ದಾರೆ, ಏನು ಹಾಳಾಗಿದೆ ಅಂತ ಮಾತ್ರ ಯಾರೂ ಬಿಡಿಸಿ ಹೇಳಿಲ್ಲ. ದುಡ್ಡು ಕೊಡುವ ಮುಂಚೆ ದೋಷ ಎಲ್ಲಿದೆ ಅಂತ ನಿಮಗೆ ಗೊತ್ತಾಗಬೇಕು. ಕೆಳಗಿನ ಉತ್ತರಗಳಲ್ಲಿ ನಾನು ಹಿಡಿದಿರುವ ಹಠ ಅದೊಂದೇ.

ನಿಗಡಿ, ಪುಣೆ

ಪ್ರಶ್ನೆ: ನಮ್ಮ ಕಾರಿಗೆ ನಾಲ್ಕು ವರ್ಷ, 52,000 ಕಿಲೋಮೀಟರ್ ಓಡಿದೆ. ವಾರಂಟಿ ಹೋದ ವರ್ಷ ಮುಗಿಯಿತು. ಮಾರ್ಚ್‌ನಲ್ಲಿ ಎಸಿ ಬಿಸಿ ಗಾಳಿ ಬಿಡಲು ಶುರು ಮಾಡಿತು. ಸರ್ವಿಸ್ ಸೆಂಟರಿನವರು ಅರ್ಧ ಗಂಟೆ ನೋಡಿ, ಕಂಪ್ರೆಸರ್, ಕಂಡೆನ್ಸರ್, ಕೂಲಿಂಗ್ ಕಾಯಿಲ್ ಮೂರೂ ಬದಲಿಸಬೇಕು, 68,000 ರೂಪಾಯಿ ಅಂದರು. ಮೇ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ವಿಜಯಪುರಕ್ಕೆ ಹೋಗಬೇಕು. ಮಾಡಿಸಲೇಬೇಕಾ?

ಉತ್ತರ: ಈಗಲೇ ಹೂಂ ಅನ್ನಬೇಡಿ. ಮೇ ತಿಂಗಳಿಗೆ ಇನ್ನೂ ಸಮಯ ಇದೆ.

ಎಸಿ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಅವರ ಮಾತನ್ನು ಅಳೆಯುವುದು ಸುಲಭ. ಎಂಜಿನ್ ಪಕ್ಕದ ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡಿ ಮುಂದೆ ತಳ್ಳುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರ್ ಆ ಬಿಸಿಯನ್ನು ಹೊರಗಿನ ಗಾಳಿಗೆ ಬಿಡುತ್ತದೆ, ಗ್ಯಾಸು ದ್ರವವಾಗುತ್ತದೆ. ಆ ದ್ರವ ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ತೂತಿನಿಂದ ನುಗ್ಗಿ, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಮತ್ತೆ ಗ್ಯಾಸಾಗುವಾಗ ಅಲ್ಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಬ್ಲೋವರ್ ಆ ತಂಪನ್ನು ನಿಮ್ಮ ಮುಖಕ್ಕೆ ಊದುತ್ತದೆ. ಇದು ಮುಚ್ಚಿದ ಸುತ್ತು. ಎಲ್ಲಾದರೂ ಒಂದು ಕಡೆ ಸೋರಿ ಗ್ಯಾಸ್ ಕಡಿಮೆಯಾದರೆ ಒತ್ತಡ ಇಳಿಯುತ್ತದೆ, ಪ್ರೆಶರ್ ಸ್ವಿಚ್ ಅದನ್ನು ನೋಡಿ ಕಂಪ್ರೆಸರ್ ಆನ್ ಆಗದಂತೆ ತಡೆಯುತ್ತದೆ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಯೇ ಸುತ್ತುತ್ತದೆ, ಎಣ್ಣೆ ಇಲ್ಲದೆ ಓಡಿ ಕಂಪ್ರೆಸರ್ ಸುಟ್ಟುಹೋಗಬಾರದು ಅಂತ ಇಟ್ಟಿರುವ ಕಾವಲು ಅದು. ಹಾಗಾಗಿ 'ಕಂಪ್ರೆಸರ್ ಆನ್ ಆಗ್ತಿಲ್ಲ' ಅಂದರೆ 'ಕಂಪ್ರೆಸರ್ ಹೋಗಿದೆ' ಅಂತ ಅರ್ಥ ಅಲ್ಲ. ಗ್ಯಾಸ್ ಕಡಿಮೆ ಇರಬಹುದು. ಫ್ಯೂಸ್ ಹೋಗಿರಬಹುದು. ಕರೆಂಟ್ ಕೊಡುವ ಸಣ್ಣ ಸ್ವಿಚ್ಚು, ಅಂದರೆ ರಿಲೇ ಹೋಗಿರಬಹುದು, ಅದರ ಬೆಲೆ ಕೆಲವು ನೂರು ರೂಪಾಯಿ ಅಷ್ಟೇ. ಕಂಪ್ರೆಸರನ್ನು ಎಂಜಿನ್ನಿನ ಬೆಲ್ಟಿಗೆ ಜೋಡಿಸುವ ಮ್ಯಾಗ್ನೆಟಿಕ್ ಕ್ಲಚ್ಚಿನ ಕಾಯಿಲ್ ಹೋಗಿರಬಹುದು, ಎಷ್ಟೋ ಮಾಡೆಲ್‌ಗಳಲ್ಲಿ ಅದೊಂದನ್ನೇ ಬದಲಿಸಲು ಬರುತ್ತದೆ.

ಆದ್ದರಿಂದ ವಾಪಸ್ ಹೋಗಿ ಕೇಳಿ. ಹೆಚ್ಚು ಒತ್ತಡದ ಕಡೆಗೊಂದು, ಕಡಿಮೆ ಒತ್ತಡದ ಕಡೆಗೊಂದು, ಹೀಗೆ ಎರಡು ಗೇಜ್ ಹಾಕಿ ಒತ್ತಡ ನೋಡಿದ್ದೀರಾ, ಎಷ್ಟು ಬಂತು? ಸೋರಿಕೆ ಹುಡುಕಿದ್ದೀರಾ, ಎಲ್ಲಿ ಸಿಕ್ಕಿತು, ನನಗೆ ತೋರಿಸಿ. ಕಂಪ್ರೆಸರ್‌ಗೆ ಕರೆಂಟ್ ಬರುತ್ತಿದೆಯಾ? ಬಂದರೂ ತಿರುಗುತ್ತಿಲ್ಲವಾ? ಕೂಲಿಂಗ್ ಕಾಯಿಲ್ ಹೋಗಿದೆ ಅಂತ ಅರ್ಧ ಗಂಟೆಯಲ್ಲಿ ಹೇಗೆ ಗೊತ್ತಾಯಿತು? ಅದು ಡ್ಯಾಶ್‌ಬೋರ್ಡ್ ಹೊಟ್ಟೆಯೊಳಗಿದೆ, ಬಹಳ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚದೆ ಕಣ್ಣಿಗೇ ಕಾಣುವುದಿಲ್ಲ. ಈ ಪ್ರಶ್ನೆಗಳಿಗೆ ಸಿಟ್ಟಾಗದೆ ಉತ್ತರ ಕೊಡುವ ಜಾಗದಲ್ಲಿ ಕೆಲಸ ಮಾಡಿಸಿ. ಪರೀಕ್ಷೆಗೆ ಬೇರೆ ಚಾರ್ಜ್ ಕೇಳಿದರೆ ಕೊಡಿ, ಅದು ನ್ಯಾಯವಾದ ದುಡ್ಡು.

ಆದರೆ ಒಂದು ಸಂದರ್ಭದಲ್ಲಿ ದೊಡ್ಡ ಬಿಲ್ಲು ನಿಜವಾಗಿಯೂ ಬೇಕಾಗುತ್ತದೆ, ಅದನ್ನೂ ಹೇಳಲೇಬೇಕು. ಕಂಪ್ರೆಸರ್ ಒಳಗೇ ಸವೆದು ಪುಡಿಯಾಗಿದ್ದರೆ ಆ ಲೋಹದ ಪುಡಿ ಎಣ್ಣೆಯ ಜೊತೆ ಇಡೀ ಸುತ್ತಿಗೆ ಹರಡುತ್ತದೆ. ಈಗಿನ ಕಂಡೆನ್ಸರ್‌ಗಳ ಒಳದಾರಿ ತುಂಬಾ ಸಣ್ಣದು, ತೊಳೆದರೂ ಪೂರ್ತಿ ಹೋಗುವುದಿಲ್ಲ. ಅಂಥ ಕಡೆ ಹೊಸ ಕಂಪ್ರೆಸರ್ ಮಾತ್ರ ಕೂರಿಸಿದರೆ ಹಳೇ ಪುಡಿ ಅದನ್ನೂ ತಿಂದುಹಾಕುತ್ತದೆ. ಆಗ ಕಂಡೆನ್ಸರ್, ಒಳಗಿನ ತೇವ ಹೀರುವ ಡ್ರೈಯರ್, ವಾಲ್ವ್ ಬದಲಿಸಿ, ಪೈಪುಗಳನ್ನೂ ಕಾಯಿಲನ್ನೂ ಫ್ಲಶ್ ಮಾಡಲೇಬೇಕು, ಅಂದರೆ ಒಳಗಿಂದ ತೊಳೆಯಲೇಬೇಕು. ನೋಡುವುದು ಹೇಗೆ ಅಂದರೆ, ಕಂಪ್ರೆಸರ್ ಪೈಪ್ ಬಿಚ್ಚಿದಾಗ ಒಳಗಿನ ಎಣ್ಣೆಯನ್ನು ಬಿಳಿ ಬಟ್ಟೆಗೆ ಹಾಕಿ ತೋರಿಸಲು ಹೇಳಿ. ಕಪ್ಪಗಿದ್ದು ಹೊಳೆಯುವ ಕಣ ಕಂಡರೆ ಅವರ ಮಾತು ನಿಜ. ಎಣ್ಣೆ ತಿಳಿಯಾಗಿದ್ದರೆ ಮೂರನ್ನೂ ಬದಲಿಸುವ ಮಾತನ್ನು ನಾನಂತೂ ಒಪ್ಪಲ್ಲ.

ಎರಡು ದಾರಿ ಇನ್ನೂ ಇವೆ. ಎಲ್ಲಾ ಸರ್ವಿಸನ್ನೂ ಕಂಪನಿಯ ಸೆಂಟರಿನಲ್ಲೇ ಮಾಡಿಸಿದ್ದೀರಿ ಅಂದರೆ, ಆ ದಾಖಲೆ ಇಟ್ಟು ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೆ ನೇರ ಇಮೇಲ್ ಬರೆಯಿರಿ. 52,000 ಕಿಲೋಮೀಟರಿಗೆ ಎಸಿ ಪೂರ್ತಿ ಹಾಳಾಗುವುದು ಸಹಜ ಅಲ್ಲ, ಗುಡ್‌ವಿಲ್ ಅಂತ ಖರ್ಚಿನ ಪಾಲು ಹೊರಿ ಅಂತ ಕೇಳಿ. ಅದು ನಿಮ್ಮ ಹಕ್ಕಲ್ಲ, ಆದರೂ ಕೇಳಿದವರಿಗೆ ಸಿಕ್ಕಿದ್ದುಂಟು. ಇನ್ನೊಂದು, ಎಸಿ ಕೆಲಸವನ್ನೇ ಮಾಡುವ ಹೊರಗಿನ ಗ್ಯಾರೇಜು. ಡೆನ್ಸೊ, ಸುಬ್ರೋಸ್, ಸ್ಯಾಂಡೆನ್, ಮಾಹ್ಲೆ, ವ್ಯಾಲಿಯೊ ಥರದವರು ಕಾರು ಕಂಪನಿಗಳಿಗೇ ಎಸಿ ಭಾಗ ಮಾಡಿಕೊಡುವವರು. ಅವರ ಮಾಲು ಅವರದೇ ಡಬ್ಬಿಯಲ್ಲಿ ಹೊರಗೂ ಸಿಗುತ್ತದೆ, ಕಾರು ಕಂಪನಿಯ ಡಬ್ಬಿಗಿಂತ ಸಾಮಾನ್ಯವಾಗಿ ಕಡಿಮೆಗೆ. ಪುಣೆಯಲ್ಲಿ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ, ನಿಮ್ಮ ಮಾಡೆಲ್ಲಿನ ಬೆಲೆ ಕೇಳಿ ಬರೆದುಕೊಳ್ಳಿ. ಆ ಚೀಟಿ ಕೈಯಲ್ಲಿದ್ದರೆ ಮಾತಾಡುವ ಧೈರ್ಯವೇ ಬೇರೆ. ಬಿಲ್ ಪಕ್ಕಾ ಇರಲಿ, ನಕಲಿ ಮಾಲು ಈ ಲೈನಿನಲ್ಲಿ ಜಾಸ್ತಿ.

ಝುವಾರಿನಗರ, ಗೋವಾ

ಪ್ರಶ್ನೆ: ಬಾಗಲಕೋಟೆ ಕಡೆಯವನು, ಇಲ್ಲಿ ಟೂರಿಸ್ಟ್ ಟ್ಯಾಕ್ಸಿ ಓಡಿಸುತ್ತೇನೆ. ಪ್ರತಿ ಸೀಸನ್ ಮುಂಚೆ ಗ್ಯಾಸ್ ಹಾಕಿಸುತ್ತೇನೆ. ಎರಡು ತಿಂಗಳು ತಂಪಿರುತ್ತೆ, ಮತ್ತೆ ಅದೇ ಗೋಳು. ಗಿರಾಕಿ ಬೈಯುತ್ತಾರೆ. ಗ್ಯಾರೇಜಿನವನು 'ಸಮುದ್ರದ ಗಾಳಿಗೆ ಹೀಗೇ, ಗ್ಯಾಸ್ ಖರ್ಚಾಗುತ್ತೆ' ಅಂತಾನೆ. ಹೌದಾ?

ಉತ್ತರ: ಅರ್ಧ ಹೌದು, ಅರ್ಧ ಪೂರ್ತಿ ತಪ್ಪು. ಉಪ್ಪು ಗಾಳಿ ಕಂಡೆನ್ಸರಿನ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಅದು ನಿಜ. ಪೈಪಿನ ಜಾಯಿಂಟುಗಳನ್ನೂ ತಿನ್ನುತ್ತದೆ. ಆದರೆ ಗ್ಯಾಸ್ ಡೀಸೆಲ್ಲಿನ ಹಾಗೆ ಉರಿದು ಖರ್ಚಾಗುವ ವಸ್ತು ಅಲ್ಲ. ರಬ್ಬರ್ ಹೋಸು, ಸೀಲುಗಳಿಂದ ವರ್ಷಗಳ ಮೇಲೆ ಚೂರುಚೂರು ಜಿನುಗಬಹುದು. ಎರಡೇ ತಿಂಗಳಿಗೆ ಖಾಲಿ ಅಂದರೆ ಎಲ್ಲೋ ತೂತಿದೆ. ತೂತು ಮುಚ್ಚದೆ ಪ್ರತಿ ಸಲ ತುಂಬಿಸುವವನು ನಿಮ್ಮ ದುಡ್ಡನ್ನೇ ಗಾಳಿಗೆ ಬಿಡುತ್ತಿದ್ದಾನೆ. ಸೀಸನ್ನಿಗೆ ಕಾದು ಕೂತು ದುಡಿಯುವವರಿಗೆ ಹೀಗೆ ಮಾಡುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ತೂತು ಹುಡುಕಲು ಬಹಳ ದಾರಿ ಇವೆ. ಮೊದಲು ಕಣ್ಣು. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತಿರುತ್ತದೆ, ಹಾಗಾಗಿ ಸೋರುವ ಜಾಗದಲ್ಲಿ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಕೂತಿರುತ್ತದೆ. ಕಂಡೆನ್ಸರ್ ಮೂಲೆ, ಪೈಪ್ ಜಾಯಿಂಟ್, ಗ್ಯಾಸ್ ತುಂಬುವ ವಾಲ್ವಿನ ಮುಚ್ಚಳದ ಕೆಳಗೆ ಟಾರ್ಚ್ ಹಾಕಿ ನೋಡಿ. ಆಮೇಲೆ ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚುವುದು, ಗುಳ್ಳೆ ಬಂದ ಕಡೆ ತೂತು. ತೀರಾ ಸಣ್ಣ ಸೋರಿಕೆ ಆದರೆ ಯುವಿ ಲೈಟಿಗೆ ಹೊಳೆಯುವ ಬಣ್ಣ ಸೇರಿಸಿ ಕೆಲವು ದಿನ ಓಡಿಸಿ ಆ ಲೈಟಿನಲ್ಲಿ ನೋಡುವುದು. ಎಲ್ಲೂ ಸಿಗಲಿಲ್ಲ ಅಂದರೆ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಅನುಮಾನ. ಅದರ ನೀರು ಹೊರಗೆ ಬೀಳುವ ಪೈಪಿನ ಬಾಯಿಗೆ ಲೀಕ್ ಡಿಟೆಕ್ಟರ್ ಹಿಡಿದರೆ ಡ್ಯಾಶ್‌ಬೋರ್ಡ್ ಬಿಚ್ಚದೆಯೂ ಸುಳಿವು ಸಿಗುತ್ತದೆ.

ಸರಿ ಮಾಡಿದ ಮೇಲೆ ಗ್ಯಾಸ್ ತುಂಬುವ ರೀತಿಯೂ ಮುಖ್ಯ. ಮೊದಲು ವ್ಯಾಕ್ಯೂಮ್ ಪಂಪ್ ಹಾಕಿ ಅರ್ಧ ಗಂಟೆಯಾದರೂ ಒಳಗಿನ ಗಾಳಿ, ತೇವ ಎಳೆಯಬೇಕು. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಅಲ್ಲೇ ನಿಲ್ಲುತ್ತದಾ ನೋಡಬೇಕು, ಏರಿದರೆ ಇನ್ನೂ ಸೋರಿಕೆ ಇದೆ. ತೇವ ಒಳಗೇ ಉಳಿದರೆ ಗ್ಯಾಸ್, ಎಣ್ಣೆ ಜೊತೆ ಸೇರಿ ಆಮ್ಲವಾಗಿ ಒಳಗಿಂದಲೇ ತಿನ್ನುತ್ತದೆ. ಆಮೇಲೆ ಗ್ಯಾಸನ್ನು ತೂಕ ಮಾಡಿ ಹಾಕಬೇಕು. ಎಷ್ಟು ಗ್ರಾಂ, ಯಾವ ಗ್ಯಾಸ್ ಅಂತ ಬಾನೆಟ್ ಕೆಳಗಿನ ಸ್ಟಿಕರಿನಲ್ಲೇ ಬರೆದಿರುತ್ತದೆ, ನಮ್ಮಲ್ಲಿ ಹೆಚ್ಚಿನ ಕಾರಿಗೆ ಆರ್-134ಎ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅಂತ ತಿಳಿಯಬೇಡಿ, ಒತ್ತಡ ಏರಿ ತಂಪು ಕಡಿಮೆಯೇ ಆಗುತ್ತದೆ, ಕಂಪ್ರೆಸರ್‌ಗೂ ಪೆಟ್ಟು. ತೀರಾ ಅಗ್ಗದ ಸಿಲಿಂಡರ್ ಕಂಡರೆ ಬೇಡ ಅನ್ನಿ. ಕೆಲವರಲ್ಲಿ ಅಡುಗೆ ಗ್ಯಾಸಿನ ಜಾತಿಯ ಮಿಶ್ರಣ ಇರುತ್ತದೆ, ಅದಕ್ಕೆ ಬೆಂಕಿ ಹತ್ತುತ್ತದೆ. ತೂತು ಮುಚ್ಚುವ ಡಬ್ಬಿ ದ್ರಾವಣವನ್ನೂ ಹಾಕಿಸಬೇಡಿ, ಅದು ವಾಲ್ವನ್ನೂ ಕಟ್ಟಿಸುತ್ತದೆ. ಇನ್ನೊಂದು ಮಾತು. ಒಂದು ಕಿಲೋ ಆರ್-134ಎ ಗಾಳಿಗೆ ಹೋದರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು 1,400 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದೆ. ಸೋರುವ ಗಾಡಿಗೆ ತುಂಬುತ್ತಲೇ ಇರುವುದು ಆ ಕಾರಣಕ್ಕೂ ತಪ್ಪು.

ಕೊನೆಗೆ, ವಾರಕ್ಕೊಮ್ಮೆ ಗಾಡಿ ತೊಳೆಯುವಾಗ ಗ್ರಿಲ್ ಮುಂದಿನಿಂದ ಕಂಡೆನ್ಸರ್ ಮೇಲೆ ಸಾದಾ ನೀರು ಬಿಡಿ. ಉಪ್ಪು, ಕೆಂಪು ಮಣ್ಣು ಎರಡೂ ಹೋಗುತ್ತದೆ. ಪ್ರೆಶರ್ ಗನ್ ಹತ್ತಿರ ಹಿಡಿಯಬೇಡಿ, ಕಂಡೆನ್ಸರಿನ ತೆಳು ಲೋಹದ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಮಾಟುಂಗಾ, ಮುಂಬೈ

ಪ್ರಶ್ನೆ: ಎಸಿ ಹಾಕಿ ನಿಲ್ಲಿಸಿದರೆ ಕಾರಿನ ಕೆಳಗೆ ನೀರು ಹನಿಯುತ್ತದೆ. ವಾಚ್‌ಮನ್ 'ಗ್ಯಾಸ್ ಲೀಕ್' ಅನ್ನುತ್ತಾನೆ. ಗಾಬರಿಯಾಗಿದೆ.

ಉತ್ತರ: ಗಾಬರಿ ಬೇಡ. ಮುಂಬೈ ಗಾಳಿಯ ತೇವ ತಣ್ಣನೆಯ ಕಾಯಿಲ್ ಮೇಲೆ ನೀರಾಗಿ ಇಳಿಯುತ್ತಿದೆ. ಹನಿಯುವುದೇ ಒಳ್ಳೆಯದು. ಹೊರಗೆ ಬೀಳುವುದು ನಿಂತು ಮುಂದಿನ ಸೀಟಿನ ಕಾಲಡಿ ಒದ್ದೆಯಾದರೆ ಡ್ರೈನ್ ಪೈಪ್ ಕಟ್ಟಿದೆ ಅಂತ, ಆಗ ಸ್ವಚ್ಛ ಮಾಡಿಸಿ.

ಮುಲುಂಡ್, ಮುಂಬೈ

ಪ್ರಶ್ನೆ: ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಎಸಿ ಚೆನ್ನಾಗಿ ತಂಪು. ಊರೊಳಗೆ ಸಿಗ್ನಲ್‌ನಲ್ಲಿ ನಿಂತರೆ ಬಿಸಿ. ಮೆಕ್ಯಾನಿಕ್ ಹೊಸ ಕಂಪ್ರೆಸರ್ ಹಾಕಬೇಕು ಅನ್ನುತ್ತಾನೆ.

ಉತ್ತರ: ಕಂಪ್ರೆಸರ್ ಕೊನೆಗೆ ನೋಡಿ. ಓಡುವಾಗ ಎದುರು ಗಾಳಿ ಕಂಡೆನ್ಸರನ್ನು ತಣ್ಣಗಿಡುತ್ತದೆ. ನಿಂತಾಗ ಆ ಕೆಲಸ ಫ್ಯಾನ್ ಮಾಡಬೇಕು. ಎಸಿ ಆನ್ ಮಾಡಿ, ಬಾನೆಟ್ ಎತ್ತಿ, ಫ್ಯಾನ್ ತಿರುಗುತ್ತಿದೆಯಾ, ಜೋರಾಗಿ ತಿರುಗುತ್ತಿದೆಯಾ ನೋಡಿ. ಕೈ ದೂರ ಇರಲಿ. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್, ಈ ಕ್ರಮದಲ್ಲಿ ನೋಡಿಸಿ. ತಿರುಗುತ್ತಿದ್ದರೆ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕಸ ತುಂಬಿದೆಯಾ ನೋಡಿ, ಆಮೇಲೆ ಗ್ಯಾಸಿನ ತೂಕ. ಇವೆಲ್ಲ ಸರಿ ಇದ್ದು, ನಿಂತಾಗ ಎರಡು ಗೇಜಿನ ಒತ್ತಡವೂ ಹತ್ತಿರ ಹತ್ತಿರ ಬರುತ್ತಿದ್ದರೆ ಮಾತ್ರ ಕಂಪ್ರೆಸರ್ ಸುಸ್ತಾಗಿದೆ ಅನ್ನಬಹುದು.

ಇಂಥದೇ ಇನ್ನೊಂದು ತೊಂದರೆ ಬಹಳ ಜನ ಕೇಳುತ್ತಾರೆ, ಗಾಳಿಯೇ ಕಡಿಮೆ ಬರುತ್ತದೆ ಅಂತ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಕ್ಯಾಬಿನ್ ಫಿಲ್ಟರ್ ಇರುತ್ತದೆ. ಅದನ್ನು ತೆಗೆದು ನೋಡಿ. ಅದು ಧೂಳಿನ ಗೋಡೆಯಾಗಿದ್ದರೆ ಬದಲಿಸಲು ಮೆಕ್ಯಾನಿಕ್ ಕೂಡ ಬೇಕಾಗಿಲ್ಲ.

ಡೊಂಬಿವಲಿ

ಪ್ರಶ್ನೆ: ಹೊರಗಿನ ಗ್ಯಾರೇಜಿನಲ್ಲಿ 31,000 ಕೊಟ್ಟು ಕಂಪ್ರೆಸರ್ ಬದಲಿಸಿದೆ. ಎರಡು ತಿಂಗಳಿಗೆ ಮತ್ತೆ ಹೋಯಿತು. 'ಎಲೆಕ್ಟ್ರಿಕಲ್ ಸಾಮಾನಿಗೆ ಗ್ಯಾರಂಟಿ ಇಲ್ಲ' ಅಂತ ಕೈ ತೊಳೆದುಕೊಂಡರು. ಕಾರು ಹುಬ್ಬಳ್ಳಿ ನೋಂದಣಿ. ಇಲ್ಲಿ ದೂರು ಕೊಡಬಹುದಾ? ಮರಾಠಿ ಅಷ್ಟಾಗಿ ಬರುವುದಿಲ್ಲ.

ಉತ್ತರ: ಧಾರಾಳವಾಗಿ ಕೊಡಬಹುದು. ನೋಂದಣಿ ಎಲ್ಲಿಯದು ಅನ್ನುವುದು ಲೆಕ್ಕಕ್ಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ, ಅದರ ಪ್ರಕಾರ ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಾಗದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. ಡೊಂಬಿವಲಿ ಇರುವುದು ಠಾಣೆ (Thane) ಜಿಲ್ಲೆಯಲ್ಲಿ, ಹಾಗಾಗಿ ಆ ಜಿಲ್ಲೆಯ ಆಯೋಗ.

ಅಷ್ಟು ದೂರ ಹೋಗುವ ಮುಂಚೆ ಕೆಲವು ಕೆಲಸ ಮಾಡಿ. ಬಿಲ್ಲು, ಹಣ ಕಳಿಸಿದ ದಾಖಲೆ, ವಾಟ್ಸಾಪ್ ಮಾತು ಎಲ್ಲಾ ಜೋಡಿಸಿ. ಈ ಗ್ಯಾರೇಜಿನಲ್ಲಿ ಮತ್ತೆ ಬಿಚ್ಚಿಸಬೇಡಿ. ಬೇರೆ ಎಸಿ ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿಸಿ, ಏಕೆ ಹಾಳಾಯಿತು ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಫ್ಲಶ್ ಮಾಡಿಲ್ಲ, ಹಳೇ ಡ್ರೈಯರ್ ಹಾಗೇ ಬಿಟ್ಟಿದ್ದಾರೆ, ಎಣ್ಣೆ ತಪ್ಪು ಹಾಕಿದ್ದಾರೆ, ಇಂಥದ್ದು ಬರಹದಲ್ಲಿ ಇದ್ದರೆ ಅದೇ ನಿಮ್ಮ ಬಲ. ಫೋಟೊ ತೆಗೆಯಿರಿ. ಹದಿನೈದು ದಿನ ಗಡುವು ಕೊಟ್ಟು ಗ್ಯಾರೇಜಿಗೆ ಬರೆದು ಕಳಿಸಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಹೊರ ರಾಜ್ಯದಲ್ಲಿರುವ ನಮ್ಮವರು ಭಾಷೆಗೆ ಹೆದರಿ ಸುಮ್ನೆ ನಷ್ಟ ನುಂಗಿಕೊಳ್ಳುತ್ತಾರೆ, ಅದು ಆಗಬಾರದು ಅಂತಲೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇದಕ್ಕೂ ಜಗ್ಗದಿದ್ದರೆ ಆಯೋಗ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ಹಾಕಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಆನ್‌ಲೈನಿನಲ್ಲೂ ಸಲ್ಲಿಸಬಹುದು. ಝುವಾರಿನಗರದ ಟ್ಯಾಕ್ಸಿ ಅಣ್ಣನಿಗೂ ಇದು ಅನ್ವಯ. ಹೊಟ್ಟೆಪಾಡಿಗೆ ಸ್ವಂತ ದುಡಿಯುವವರು ಗಾಡಿ ಬಾಡಿಗೆಗೆ ಓಡಿಸಿದರೂ ಕಾಯ್ದೆಯಲ್ಲಿ ಗ್ರಾಹಕರೇ.

ಮುಂದಿನ ಸಲಕ್ಕೆ: ಕೆಲಸಕ್ಕೆ ಕೊಡುವ ಮುಂಚೆಯೇ ಎಸ್ಟಿಮೇಟ್ ಬರಹದಲ್ಲಿ, ಹಳೇ ಭಾಗ ವಾಪಸ್, ಭಾಗಕ್ಕೂ ಕೂಲಿಗೂ ಎಷ್ಟು ತಿಂಗಳ ಗ್ಯಾರಂಟಿ ಅನ್ನುವುದು ಜಿಎಸ್‌ಟಿ ಬಿಲ್ಲಿನ ಮೇಲೇ. ಬಿಲ್ ಬೇಡ ಅಂದರೆ ಟ್ಯಾಕ್ಸ್ ಉಳಿಯುತ್ತೆ ಅನ್ನುತ್ತಾರೆ. ಉಳಿಯುವುದು 18 ಪರ್ಸೆಂಟ್, ಹೋಗುವುದು ಪೂರ್ತಿ ಹಕ್ಕು.

ಮಡಗಾಂವ್

ಪ್ರಶ್ನೆ: ಬೆಳಗಾವಿಯಿಂದ ಚೋರ್ಲಾ ಘಾಟಿನಲ್ಲಿ ಬರುವಾಗ ಲಾರಿಯಿಂದ ಕಲ್ಲು ಸಿಡಿದು ಕಂಡೆನ್ಸರ್ ಒಡೆಯಿತು. ವಾರಂಟಿ ಇಲ್ಲ. ಇನ್ಶೂರೆನ್ಸ್ ಕೊಡುತ್ತದಾ?

ಉತ್ತರ: ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಇಲ್ಲ. ಕಾಂಪ್ರಹೆನ್ಸಿವ್ ಇದ್ದರೆ ಕೇಳಬಹುದು, ಏಕೆಂದರೆ ಇದು ಹೊರಗಿನ ಪೆಟ್ಟು. ಸವೆತದಿಂದ ತಾನಾಗಿ ಹಾಳಾಗಿದ್ದರೆ ಕೊಡುತ್ತಿರಲಿಲ್ಲ. ಬಿಚ್ಚಿಸುವ ಮುಂಚೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ಅವರ ಸರ್ವೇಯರ್ ನೋಡಲಿ. 1500 ಸಿಸಿವರೆಗಿನ ಕಾರಿಗೆ ಮೊದಲ 1,000, ಅದಕ್ಕಿಂತ ದೊಡ್ಡದಕ್ಕೆ 2,000 ನೀವೇ ಹಾಕಬೇಕು. ಸವೆತದ ಕಡಿತ ತಪ್ಪಿಸುವ ಝೀರೋ ಡೆಪ್ರಿಸಿಯೇಶನ್ ಅನ್ನು ಪಾಲಿಸಿಗೆ ಸೇರಿಸಿಲ್ಲದಿದ್ದರೆ ಕಾರಿನ ವಯಸ್ಸಿಗೆ ತಕ್ಕಂತೆ ಇನ್ನೂ ಕಡಿತ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಬೋನಸ್ 50 ಪರ್ಸೆಂಟ್ ತಲುಪಿದ್ದವರು ಎರಡೂ ಲೆಕ್ಕ ಹಾಕಿ ನೋಡಿ, ಕೆಲವೊಮ್ಮೆ ಕೈಯಿಂದ ಕೊಡುವುದೇ ಲಾಭ.

ಹಿಂಜವಡಿ, ಪುಣೆ

ಪ್ರಶ್ನೆ: ಕಾರಿಗೆ ಎರಡು ವರ್ಷ ಎಂಟು ತಿಂಗಳು. ಎಕ್ಸ್‌ಟೆಂಡೆಡ್ ವಾರಂಟಿ ತೆಗೆದುಕೊಳ್ಳಲಾ? ಆಫೀಸಿನಲ್ಲಿ ಎಲ್ಲರೂ ದಂಡ ಅನ್ನುತ್ತಾರೆ.

ಉತ್ತರ: ಮೊದಲು ನಿಮ್ಮ ವಾರಂಟಿ ಎಂದು ಮುಗಿಯುತ್ತದೆ ಅಂತ ಪುಸ್ತಕದಲ್ಲಿ ನೋಡಿ. ಒಂದೇ ಕಂಪನಿಯಲ್ಲೂ ಕೊಂಡ ದಿನದ ಮೇಲೆ ಬದಲಾಗುತ್ತದೆ. ಮಾರುತಿ ಸುಜುಕಿಯಲ್ಲಿ ಮೊದಲು 2 ವರ್ಷ ಅಥವಾ 40,000 ಕಿಲೋಮೀಟರ್ ಇತ್ತು, 2024ರ ಜುಲೈಯಲ್ಲಿ ಅದನ್ನು 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ಮಾಡಿದರು. ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವ ಮುಂಚೆಯೇ ಎಕ್ಸ್‌ಟೆಂಡೆಡ್ ಕೊಳ್ಳಬೇಕು, ಆಮೇಲೆ ಕೇಳಿದರೆ ಇಲ್ಲ ಅನ್ನುತ್ತಾರೆ.

ಐದಾರು ವರ್ಷ ಇದೇ ಕಾರು ಇಟ್ಟುಕೊಳ್ಳುವವರಾದರೆ ತೆಗೆದುಕೊಳ್ಳಿ ಅನ್ನುತ್ತೇನೆ. ಆದರೆ ಸಹಿ ಹಾಕುವ ಮುಂಚೆ ಕಂಪ್ರೆಸರ್, ಕೂಲಿಂಗ್ ಕಾಯಿಲ್, ಕಂಡೆನ್ಸರ್ ಮೂರೂ ಹೆಸರು ಹಿಡಿದು ಸೇರಿವೆಯಾ ಓದಿ. ಗ್ಯಾಸ್, ಡ್ರೈಯರ್, ರಬ್ಬರ್ ಹೋಸು ಎಷ್ಟೋ ಕಡೆ ಹೊರಗಿರುತ್ತವೆ. ಕಾರು ಕಂಪನಿಯದ್ದೇ ವಾರಂಟಿಯಾ, ಡೀಲರ್ ಮಾರುವ ಬೇರೆಯವರದ್ದಾ ಅನ್ನುವುದನ್ನೂ ಕೇಳಿ, ಊರು ಬದಲಾದಾಗ ಅದು ಮುಖ್ಯ ಆಗುತ್ತದೆ. ಸರ್ವಿಸ್ ಒಂದೂ ತಪ್ಪಿಸಬೇಡಿ, ಬಿಲ್ ಎಸೆಯಬೇಡಿ.

ತೆಗೆದುಕೊಂಡರೂ ಬಿಟ್ಟರೂ ಮೂಲ ವಾರಂಟಿ ಇರುವಾಗಲೇ ಒಂದು ಕೆಲಸ ಮಾಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಕಿಟಕಿ ಮುಚ್ಚಿ, ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಶನ್ ಹಾಕಿ, ಹತ್ತು ನಿಮಿಷ ಎಸಿ ಓಡಿಸಿ ನಡುವಿನ ವೆಂಟ್‌ಗೆ ಥರ್ಮಾಮೀಟರ್ ಇಡಿ. ಒಳ್ಳೆ ಎಸಿ ಸುಮಾರು 5ರಿಂದ 10 ಡಿಗ್ರಿಗೆ ಇಳಿಯುತ್ತದೆ. 15ರ ಮೇಲೇ ನಿಂತರೆ, ಕಂಪ್ರೆಸರ್ ಕಡೆಯಿಂದ ಕಿರಕಿರ ಬಂದರೆ, ಜಾಯಿಂಟ್ ಮೇಲೆ ಜಿಡ್ಡು ಕಂಡರೆ ತಕ್ಷಣ ಸರ್ವಿಸ್ ಸೆಂಟರಿಗೆ ಹೋಗಿ ದೂರನ್ನು ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ಬರೆಸಿ, ಅದರ ಪ್ರತಿ ತೆಗೆದುಕೊಳ್ಳಿ. 'ನಾರ್ಮಲ್ ಇದೆ ಸರ್' ಅಂತ ವಾಪಸ್ ಕಳಿಸಿದರೂ ಆ ಕಾಗದ ಇಟ್ಟುಕೊಳ್ಳಿ. ವಾರಂಟಿ ಮುಗಿದ ಮೇಲೆ ಅದೇ ಭಾಗ ಹಾಳಾದರೆ, ವಾರಂಟಿ ಇದ್ದಾಗಲೇ ಹೇಳಿದ್ದೆ ಅಂತ ತೋರಿಸಲು ಬೇರೆ ಯಾವ ಸಾಕ್ಷಿಯೂ ನಿಮ್ಮ ಬಳಿ ಇರುವುದಿಲ್ಲ.